ಸಿದ್ದಿ ಸ್ತ್ರೀಯರ ಕವಂದಿ

ನಮ್ಮ ಮನೆಯಲ್ಲಿ ಒಂದು ಕೌದಿ ಇದೆ. ಇದೇನು ಹೇಳತಕ್ಕ ಸಂಗತಿ, ಕೌದಿಯಿಲ್ಲದ ಮನೆ ಧಾರವಾಡ ಸೀಮೆಯಲ್ಲಿ ಯಾವದಿದೆ, ಎಂದು ವಾಚಕರು ಕೇಳಬಹುದು. ಅದು ನಿಜವೇ. ಆದರೆ ಈ ಕೌದಿಯು ನಮ್ಮ ಮನೆಯ ಹಿರಿಯರು ಹೊಲಿದುದಲ್ಲ. ಕಲಘಟಗಿಯ ಆಚೆ ಕಾಡಿನಂಚಿನ ಊರೊಂದರಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ, 1998ನೆಯ ಇಸವಿಯಲ್ಲಿ, ಸಿದ್ದಿ ಜನಾಂಗದ ಒಬ್ಬ ಹೆಣ್ಣುಮಗಳು ನಮ್ಮ ತಾಯಿಯವರ ಹಳೆಯ ಸೀರೆಗಳನ್ನು ಒಯ್ದು, ಮೂರು ತಿಂಗಳು ಕಳೆದ ಮೇಲೆ ಹೊಲಿದು ತಂದುಕೊಟ್ಟುದು. ನಾವು ರಾಯಾಪುರಕ್ಕೆ ಬಂದು ನೆಲೆಸಿದಾಗ ಹಳೆಯ ಸಾಮಾನುಗಳೆಷ್ಟೋ ದಾರಿಪಾಲಾದವು. ಇದು ಮಾತ್ರ ಉಳಿಯಿತು. ಚಳಿಗಾಲ ಬಂತೆಂದರೆ ಮೊಮ್ಮಕ್ಕಳು ಇದಕ್ಕಾಗಿಯೇ ಜಗಳಾಡುತ್ತಾರೆ.

ಕೆಲವು ದಿನಗಳ ಹಿಂದೆ ಹಳೆಯ ಖರ್ಚಿನ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಾಗ ಆ ವರ್ಷದ ಪುಟವೊಂದು ಕಣ್ಣಿಗೆ ಬಿದ್ದಿತು. ನನ್ನದೇ ಅಕ್ಷರ: “ಕೌದಿ ಹೊಲಿದವಳಿಗೆ ರೂ. 150, ಜೋಳ 10 ಸೇರು.” ಅದರ ಮೇಲಿನ ಸಾಲಿನಲ್ಲಿ ಹಾಲಿನವನ ಹೆಸರಿದೆ. ಕೆಳಗಿನ ಸಾಲಿನಲ್ಲಿ ಕಿರಾಣಿ ಅಂಗಡಿಯವರ ಹೆಸರಿದೆ. ನಡುವಿನ ಈ ಹೆಣ್ಣುಮಗಳ ಹೆಸರು ಮಾತ್ರ ಇಲ್ಲ.

“ಆ ಕೌದಿ ಹೊಲದಕಿ ಹೆಸರು ಏನಿತ್ತ?” ಎಂದು ಮನೆಯವರನ್ನು ಕೇಳಿದೆನು.

“ಇಷ್ಟ ವರ್ಷ ಹೊತ್ತಕೊಂಡು ಮಲಗೀರಿ, ಇವತ್ತ ಅಕಿ ಹೆಸರು ಬೇಕಾತೇನು ನಿಮಗ?” ಎಂದರು, ಆಮೇಲೆ ಹೆಸರು ಹೇಳಿದರು. ಆಕೆಯ ಗಂಡನ ಹೆಸರು, ಮಕ್ಕಳ ಹೆಸರು, ಆಕೆಗೆ ಬೆಲ್ಲದ ಚಹ ಸೇರುತ್ತಿರಲಿಲ್ಲವೆಂಬುದು, ಎಲ್ಲವೂ ಅವರಿಗೆ ನೆನಪಿದ್ದವು. ಆಕೆಯನ್ನು ಕೇಳದೆ ಹೆಸರನ್ನು ಅಚ್ಚು ಹಾಕಿಸುವದು ಯುಕ್ತವಲ್ಲವೆಂದು ನಾನು ಇಲ್ಲಿ ಬರೆದಿಲ್ಲ. ಆದರೆ ಅಂದಿನಿಂದ ಈ ಜನರ ಕಲೆಯನ್ನೂ ಇವರ ಹೆಸರುಗಳನ್ನೂ ಕುರಿತು ಸಿಕ್ಕಿದುದನ್ನೆಲ್ಲ ಓದತೊಡಗಿದೆನು. ಈ ಲೇಖನವು ಆ ಓದಿನ ಫಲವಾಗಿದೆ.

ಸಿದ್ದಿಗಳು ಆಫ್ರಿಕಾ ಖಂಡದ ಮೂಲದವರು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡುಗಳಲ್ಲಿಯೂ, ಅದಕ್ಕೆ ಹೊಂದಿದ ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿಯೂ ಇವರ ವಸತಿಗಳಿವೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದಲ್ಲಿ ಸುಮಾರು 10 ಸಾವಿರ ಸಿದ್ದಿಗಳು ಲೆಕ್ಕಕ್ಕೆ ಬಂದರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರಿಸ್ತೀಯರಿದ್ದಾರೆ; ಮನೆಯಲ್ಲಿ ತಮ್ಮದೇ ಧಾಟಿಯ ಕೊಂಕಣಿ ಆಡುವವರು ಬಹಳ, ನಮ್ಮೊಡನೆ ಆಡುವದು ಕನ್ನಡ. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ತುಗೀಜರು ಮೊಝಾಂಬಿಕ್ ಮುಂತಾದ ಪೂರ್ವ ಆಫ್ರಿಕಾದ ಕರಾವಳಿಗಳಿಂದ ಗುಲಾಮರನ್ನಾಗಿ ಹಿಡಿದು ಗೋವೆಗೆ ತಂದರು. ಅಲ್ಲಿಯ ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರೂ, ಬಿಡುಗಡೆ ಹೊಂದಿ ಬಂದವರೂ ನಮ್ಮ ಕಾಡುಗಳಲ್ಲಿ ಮನೆ ಕಟ್ಟಿಕೊಂಡರು.

ಇವರ ಜನಾಂಗದ ಹೆಸರನ್ನು ಸಂಸ್ಕೃತ ಓದಿದ ನಮ್ಮಂಥವರು ‘ಸಿದ್ಧಿ’ ಎಂದು ಮಹಾಪ್ರಾಣ ಹಚ್ಚಿ ಬರೆಯುವದುಂಟು. ನಾನೂ ಶಾಲೆಯ ಹಾಜರಿ ಪುಸ್ತಕದಲ್ಲಿ ಬಹುಕಾಲ ಹಾಗೆಯೇ ಬರೆದೆನು. ಅಣಿಮಾದಿ ಅಷ್ಟಸಿದ್ಧಿಗಳಿಗೂ ಈ ಬಡ ಹುಡುಗರಿಗೂ ಏನು ಸಂಬಂಧವೆಂದು ಒಮ್ಮೆಯೂ ವಿಚಾರಿಸಲಿಲ್ಲ. ವಿದ್ವಾಂಸರು ಸಾಮಾನ್ಯವಾಗಿ ಈ ಶಬ್ದವನ್ನು ‘ಒಡೆಯ’ ಎಂಬರ್ಥದ ಅರಬ್ಬೀ ಸಯ್ಯಿದ್ ಶಬ್ದಕ್ಕೆ ಜೋಡಿಸುತ್ತಾರೆ. ಗುಲಾಮರಾಗಿ ಬಂದವರ ಹೆಸರು ಒಡೆಯನೆಂದಾದುದು ಕಾಲದ ವಿನೋದ.

ಇವರ ಪೂರ್ವಜರೆಲ್ಲರೂ ಕಾಡು ಸೇರಿದವರೇ ಎಂದು ತಿಳಿಯತಕ್ಕದ್ದಲ್ಲ. ಅಬಿಸೀನಿಯ, ಅರ್ಥಾತ್ ಇಂದಿನ ಇಥಿಯೋಪಿಯದಿಂದ ಬಂದ ಗುಲಾಮರು ದಖ್ಖನದ ಸುಲ್ತಾನರ ದರಬಾರುಗಳಲ್ಲಿ ‘ಹಬಶಿ’ಗಳೆಂದು ಕರೆಯಿಸಿಕೊಂಡು ಸೇನಾಪತಿಗಳೂ ಮಂತ್ರಿಗಳೂ ಆದರು. ವಿಜಾಪುರಕ್ಕೆ ಪ್ರವಾಸ ಹೋದವರು ಗೋಳಗುಮ್ಮಟವನ್ನು ನೋಡಿ ಕೂಗು ಹಾಕಿ ಬರುತ್ತಾರೆ. ಸೊಗಸಿನಲ್ಲಿ ಅದನ್ನು ಮೀರಿಸುವ ಇಬ್ರಾಹಿಂ ರೋಜಾವನ್ನು ಅವಸರದಲ್ಲಿ ನೋಡುತ್ತಾರೆ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಹನ ಗೋರಿ ಅದು. ಅದನ್ನು ಕಟ್ಟಿಸಿದ ಮೇಲ್ವಿಚಾರಕನ ಹೆಸರು ಅಲ್ಲಿಯ ಶಿಲಾಲೇಖದಲ್ಲಿಯೇ ಇದೆ: ಮಲಿಕ ಸಂದಲ. ಆತನು ಆಫ್ರಿಕಾ ಮೂಲದವನೆಂದು ಇತಿಹಾಸಜ್ಞರು ಹೇಳುತ್ತಾರೆ. ಕಲ್ಲಿನಲ್ಲಿ ಮರದ ಕೆತ್ತನೆಯ ನಯವನ್ನು ತಂದ ಆ ಕಟ್ಟಡ ಕನ್ನಡನಾಡಿನ ಅಭಿಮಾನದ ವಸ್ತು; ಅದರ ಹಿಂದೆ ಒಬ್ಬ ಹಬಶಿಯಿದ್ದನೆಂಬುದನ್ನು ನಾನು ಮೂವತ್ತು ವರ್ಷ ಇತಿಹಾಸ ಕಲಿಸಿಯೂ ಮಕ್ಕಳಿಗೆ ಹೇಳಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ.

ಸಂದಲವೆಂದರೇನು? ನಮ್ಮ ಚಂದನವೇ. ಸಂಸ್ಕೃತದ ಶಬ್ದವು ಪಾರಸಿ, ಅರಬ್ಬೀ ಭಾಷೆಗಳನ್ನು ಸುತ್ತಿ ಬಂದು ಹಾಗಾಯಿತು. ಅಹಮದನಗರದ ರಾಜ್ಯವನ್ನು ಮೊಗಲರ ಕೈಗೆ ಸಿಗದಂತೆ ಬಹುಕಾಲ ಕಾಪಾಡಿ 1626ರಲ್ಲಿ ತೀರಿಕೊಂಡ ಪ್ರಸಿದ್ಧ ಹಬಶಿ ಮಲಿಕ ಅಂಬರ. ಇಲ್ಲಿ ಅಂಬರವೆಂದರೆ ಆಕಾಶವಲ್ಲ. ಸಮುದ್ರದಲ್ಲಿ ಸಿಗುವ ಒಂದು ಸುಗಂಧದ್ರವ್ಯ. ವಿಜಾಪುರದ ಮುಹಮ್ಮದ ಆದಿಲಶಹನ ಕಾಲದಲ್ಲಿ ಮಹಾಮಂತ್ರಿಯಾಗಿದ್ದ ಇಖ್ಲಾಸಖಾನನ ಮೊದಲಿನ ಹೆಸರು ಮಲಿಕ ರೈಹಾನ. ರೈಹಾನವೆಂದರೆ ತುಲಸಿಯ ಜಾತಿಯ ಪರಿಮಳದ ಗಿಡ. ಕೊಂಡ ಗುಲಾಮನಿಗೆ ಕೊಂಡ ಸುಗಂಧದ ಹೆಸರನ್ನಿಡುವದು ಅಂದಿನ ರೂಢಿ. ಚಂದನ, ಅಂಬರ, ತುಲಸಿ ಎಂಬ ಈ ಹೆಸರುಗಳು ಕಿವಿಗೆ ಇಂಪಾಗಿವೆ. ಆದರೆ ಅವು ಪೇಟೆಯ ಸರಕಿನ ಹೆಸರುಗಳು. ಮಲಿಕ ಅಂಬರನಿಗೆ ತಂದೆತಾಯಿಗಳು ಇಟ್ಟ ಹೆಸರು ಚಾಪು ಎಂದಿತ್ತೆಂದು ದಾಖಲೆಯಿದೆ. ಮಲಿಕ ಸಂದಲನನ್ನು ಆತನ ತಾಯಿ ಏನೆಂದು ಕರೆದಳೋ!

ಇಖ್ಲಾಸಖಾನನ ರೂಪವನ್ನು ವಿಜಾಪುರದ ಚಿತ್ರಕಾರರು ಅನೇಕ ಸಲ ಬರೆದಿದ್ದಾರೆ. ಸುಮಾರು 1645ರಲ್ಲಿ ಹೈದರಅಲಿ ಮತ್ತು ಇಬ್ರಾಹಿಂಖಾನರೆಂಬ ಇಬ್ಬರು ಕೂಡಿ ಬರೆದ ಒಂದು ಚಿತ್ರದಲ್ಲಿ ಸುಲ್ತಾನನೂ ಈತನೂ ಒಂದೇ ಆನೆಯ ಮೇಲೆ ಸಾಗಿದ್ದಾರೆ. ಈ ಚಿತ್ರವು ಬಹುಕಾಲ ಇಂಗ್ಲಂಡದ ಚಿತ್ರಕಾರ ಹಾವರ್ಡ್ ಹಾಜ್ಕಿನ್ ಅವರ ಸಂಗ್ರಹದಲ್ಲಿತ್ತು. ಅದನ್ನು ಓದಿದಾಗ ನನ್ನಲ್ಲಿ ಒಂದು ಪ್ರಶ್ನೆ ಎದ್ದಿತು: ನಮ್ಮ ಹಬಶಿಯ ಚಿತ್ರವನ್ನು ಅಷ್ಟು ಪ್ರೀತಿಯಿಂದ ಇಟ್ಟುಕೊಂಡ ಆ ದೇಶದಲ್ಲಿ ಕುಂಚ ಹಿಡಿದ ಕಪ್ಪು ಜನರ ಗತಿ ಏನಾಯಿತು? ಚಿತ್ರಕಲೆಯನ್ನು ಕಲಿಸುವ ನನ್ನ ಹಳೆಯ ಶಿಷ್ಯನೊಬ್ಬನು ಎರಡು ಪುಸ್ತಕಗಳನ್ನು ತಂದುಕೊಟ್ಟನು.

ಅವುಗಳಲ್ಲಿ ನನ್ನ ಮನಸ್ಸನ್ನು ಹಿಡಿದುದು ರೊನಾಲ್ಡ್ ಮೂಡಿಯೆಂಬುವರ ಸಂಗತಿ. ಇವರು 1900ರಲ್ಲಿ ಜಮೈಕಾದಲ್ಲಿ ಹುಟ್ಟಿ, 1923ರಲ್ಲಿ ಹಲ್ಲಿನ ವೈದ್ಯ ಕಲಿಯಲೆಂದು ಲಂಡನ್ನಿಗೆ ಹೋದರು. ಅಲ್ಲಿ ಬ್ರಿಟಿಶ್ ಮ್ಯೂಝಿಯಮ್ಮಿನ ಈಜಿಪ್ಟಿನ ಪ್ರತಿಮೆಗಳನ್ನು ಕಂಡು ಮನಸೋತು, ತಾವೇ ಶಿಲ್ಪ ಕಲಿತರು. 1936ರಲ್ಲಿ ಅವರು ಮರದಲ್ಲಿ ಕೆತ್ತಿದ ‘ಜೊಹಾನಾನ್’ ಎಂಬ ದೊಡ್ಡ ಮೂರ್ತಿಯನ್ನು ಟೇಟ್ ಸಂಗ್ರಹಾಲಯವು ಕೊಂಡದ್ದು 1992ರಲ್ಲಿ. ಅಷ್ಟರಲ್ಲಿ ಶಿಲ್ಪಿ ತೀರಿಕೊಂಡು ಎಂಟು ವರ್ಷಗಳಾಗಿದ್ದವು.

1985ರಲ್ಲಿ ಲುಬೈನಾ ಹಿಮಿದ್ ಎಂಬ ಚಿತ್ರಕಾರ್ತಿಯು ತನ್ನನ್ನೂ ಕೂಡಿಸಿ ಹನ್ನೊಂದು ಜನ ಸ್ತ್ರೀಯರ ಕೃತಿಗಳನ್ನು ಲಂಡನ್ನಿನ ಒಂದು ಕಲಾಸಂಸ್ಥೆಯಲ್ಲಿ ಪ್ರದರ್ಶಿಸಿದಳು. ಅವರಿಗೆ ದೊರೆತುದು ಸಭಾಗೃಹವಲ್ಲ, ಜನ ಹಾದುಹೋಗುವ ಇಕ್ಕಟ್ಟಾದ ಓಣಿ. ಪಡಸಾಲೆಯಲ್ಲಿ ಸ್ಥಳವಿಲ್ಲದ ಅತಿಥಿಗೆ ಹಿತ್ತಿಲ ಬಾಗಿಲಲ್ಲಿ ಮಣೆ ಹಾಕಿದಂತೆ. 1989ರಲ್ಲಿ ಕರಾಚಿಯಿಂದ ಹೋಗಿ ನೆಲೆಸಿದ ರಶೀದ್ ಅರಾಈನ್ ಎಂಬವರು ‘ಇನ್ನೊಂದು ಕಥೆ’ ಎಂಬರ್ಥದ ಹೆಸರಿಟ್ಟು ಹೇವರ್ಡ್ ಗ್ಯಾಲರಿಯಲ್ಲಿ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ, ಆಫ್ರಿಕಾ, ಏಶಿಯಾ ಮೂಲದ ಕಲಾವಿದರನ್ನು ಒಂದೆಡೆ ತಂದರು. ಮೂಡಿಯವರ ಶಿಲ್ಪಗಳೂ, ನಮ್ಮ ನೆರೆಯ ಗೋವೆಯಲ್ಲಿ ಹುಟ್ಟಿದ ಫ್ರಾನ್ಸಿಸ್ ನ್ಯೂಟನ್ ಸೋಜರ ಚಿತ್ರಗಳೂ ಅದರಲ್ಲಿದ್ದವು. ಆಮೇಲೆ ಗಾಳಿ ಮೆಲ್ಲಗೆ ತಿರುಗಿತು. 1998ರಲ್ಲಿ ಕ್ರಿಸ್ ಒಫಿಲಿಯವರಿಗೆ ಟರ್ನರ್ ಪಾರಿತೋಷಕ ಸಿಕ್ಕಿತು. 2017ರಲ್ಲಿ ಅದೇ ಪಾರಿತೋಷಕ ಓಣಿಯಲ್ಲಿ ಚಿತ್ರ ತೂಗಿಸಿದ ಹಿಮಿದ್‌ಗೆ, ಆಕೆಯ ಅರವತ್ಮೂರನೆಯ ವಯಸ್ಸಿನಲ್ಲಿ, ಬಂದಿತು. ಕಪ್ಪು ಜನಾಂಗದ ಸ್ತ್ರೀಯರಲ್ಲಿ ಅದನ್ನು ಪಡೆದವರಲ್ಲಿ ಆಕೆಯೇ ಮೊದಲನೆಯವಳು.

ಈ ಹಿಮಿದ್ ಹುಟ್ಟಿದುದು 1954ರಲ್ಲಿ, ಪೂರ್ವ ಆಫ್ರಿಕಾದ ಝಾಂಝಿಬಾರದಲ್ಲಿ. ಅಂದರೆ ಸಿದ್ದಿಗಳ ಪೂರ್ವಜರು ಹಡಗು ಹತ್ತಿದ ಕರಾವಳಿಯಲ್ಲಿಯೇ. ನಾಲ್ಕು ತಿಂಗಳ ಕೂಸಾಗಿರುವಾಗ ತಂದೆ ತೀರಿಕೊಂಡುದರಿಂದ ತಾಯಿ ಆಕೆಯನ್ನು ಇಂಗ್ಲಂಡಕ್ಕೆ ಕರೆತಂದಳು. ಆ ತಾಯಿಯ ವೃತ್ತಿ ಬಟ್ಟೆಗಳ ಮೇಲಿನ ಚಿತ್ತಾರವನ್ನು ರಚಿಸುವದು. 2004ರಲ್ಲಿ ಹಿಮಿದ್ ಒಂದು ಕೃತಿಯನ್ನು ರಚಿಸಿದಳು: ಹಲಗೆಯಲ್ಲಿ ಕತ್ತರಿಸಿ ಬಣ್ಣ ಬಳಿದ, ಆಳೆತ್ತರದ ನೂರು ಮೂರ್ತಿಗಳು. ಎಲ್ಲರೂ ಯುರೋಪಿನ ಅರಮನೆಗಳಿಗೆ ಗುಲಾಮರಾಗಿ ಬಂದ ಆಫ್ರಿಕಾದವರು. ಡೋಲು ಬಾರಿಸುವವರು, ಕುಂಬಾರರು, ಚಮ್ಮಾರರು, ನಕಾಶೆ ಬರೆಯುವವರು. ಪ್ರತಿಯೊಬ್ಬರ ಬೆನ್ನಿಗೆ ಲೆಕ್ಕಪತ್ರದ ಹಾಳೆಯನ್ನು ಅಂಟಿಸಿ, ಆತನ ನಿಜವಾದ ಹೆಸರೇನು, ಒಡೆಯನು ಇಟ್ಟ ಹೆಸರೇನು, ಆತನು ಬಲ್ಲ ಕೆಲಸವೇನು ಎಂಬುದನ್ನು ಬರೆದಳು. ಅದನ್ನು ಓದುವಾಗ ನನ್ನ ಖರ್ಚಿನ ಪುಸ್ತಕವು ಮೇಜಿನ ಮೇಲೆಯೇ ಇತ್ತು.

ಇನ್ನು ಕವಂದಿಯ ಮಾತಿಗೆ ಬರುವೆನು.

ಸಿದ್ದಿಗಳು ತಮ್ಮ ಕೌದಿಯನ್ನು ಕವಂದಿಯೆನ್ನುತ್ತಾರೆ. ಚಿಂದಿಗಳನ್ನು ಕೂಡಿಸಿ ಹೊಲಿಯುವದು ಎಲ್ಲ ಕಡೆಗೂ ಇರುವ ವಿದ್ಯೆ. ಸಂಸ್ಕೃತದಲ್ಲಿ ಅದಕ್ಕೆ ಕಂಥಾ ಎನ್ನುವರು, ವಂಗದೇಶದವರು ಅದೇ ಹೆಸರನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಆದರೆ ಕವಂದಿಯ ಕ್ರಮವೇ ಬೇರೆ. ನಮ್ಮ ಮನೆಯ ಅಂಗಳದಲ್ಲಿಯೇ ಆ ಹೆಣ್ಣುಮಗಳು ಕೆಲಸ ಆರಂಭಿಸಿದುದನ್ನು ಮನೆಯವರು ನೋಡಿದ್ದರು. ಮೊದಲು ಗಟ್ಟಿಯಾದ ಹಳೆಯ ಸೀರೆಯೊಂದನ್ನು ಹಾಸಿಕೊಳ್ಳುವದು. ಒಂದು ಮೂಲೆಯಿಂದ ಹಿಡಿದು, ತುಂಡುಗಳ ಅಂಚನ್ನು ಒಳಗೆ ಮಡಿಚಿ, ಒಂದರ ಮೇಲೊಂದು ಸ್ವಲ್ಪ ಏರುವಂತಿಟ್ಟು, ಅಂಚಿನಗುಂಟ ಸಾಲುಹೊಲಿಗೆ ಹಾಕುತ್ತ ಸುತ್ತುವದು. ಒಂದು ಸುತ್ತು ಮುಗಿದರೆ ಒಳಗಿನ ಸುತ್ತು, ಅದು ಮುಗಿದರೆ ಅದರೊಳಗಿನದು. ಹೀಗೆ ದೇವರ ಗುಡಿಗೆ ಪ್ರದಕ್ಷಿಣೆ ಬಂದಂತೆ ಕೈ ಸುತ್ತಿ ಸುತ್ತಿ ನಡುವಿಗೆ ಬಂದು ನಿಲ್ಲುವದು. ಸೀಸದ ಗೆರೆಯಿಲ್ಲ, ಅಳತೆಪಟ್ಟಿಯಿಲ್ಲ, ಮೊದಲೇ ಬರೆದಿಟ್ಟ ನಮೂನೆಯಿಲ್ಲ. ಮುಂದಿನ ತುಂಡು ಕೆಂಪೋ ಹಳದಿಯೋ ಎಂಬುದು ಹಿಂದಿನ ತುಂಡನ್ನು ನೋಡಿ ಆ ಗಳಿಗೆಯಲ್ಲಿ ನಿಶ್ಚಯವಾಗತಕ್ಕದ್ದು. ದೊಡ್ಡ ತುಂಡುಗಳ ನಡುವೆ ಕಣ್ಣಿಗೆ ಹೊಡೆಯುವ ಬಣ್ಣದ ಸಣ್ಣ ಚೌಕಗಳನ್ನು ಮೇಲಿಟ್ಟು ಹೊಲಿಯುವರು. ಕೂಸುಗಳ ಕವಂದಿಯಲ್ಲಿ ಇವು ಹೆಚ್ಚು. ಕ್ರಿಸ್ತೀಯರು ಕೆಲವೊಮ್ಮೆ ಶಿಲುಬೆಯನ್ನೂ ಮುಸಲ್ಮಾನರು ಚಂದ್ರರೇಖೆಯನ್ನೂ ಸೇರಿಸುವದುಂಟು.

ಎಲ್ಲಕ್ಕೂ ಮಿಗಿಲಾದುದು ನಾಲ್ಕು ಮೂಲೆಗಳ ಹೂವು. ಅರಿವೆಯ ಚೂರುಗಳನ್ನು ತ್ರಿಕೋಣವಾಗಿ ಮಡಿಚಿ ಪದರುಪದರಾಗಿ ಕೂಡಿಸಿ ಮೂಲೆಗೆ ಹಚ್ಚುತ್ತಾರೆ. ಅದಕ್ಕೆ ತಮ್ಮ ಮಾತಿನಲ್ಲಿ ‘ಫುಲ’ ಎನ್ನುತ್ತಾರೆ. ಚಳಿ ತಡೆಯುವದಕ್ಕೆ ಇದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಆದರೂ ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಉಪಯೋಗವಿಲ್ಲವೆಂದು ಗೊತ್ತಿದ್ದೂ, ಕೂಲಿಯಿಂದ ಬಂದ ಮೈನೋವಿನಲ್ಲಿಯೂ, ನಾಲ್ಕು ಮೂಲೆಗೆ ನಾಲ್ಕು ಹೂವಿಡದೆ ಏಳಲಾರದವರನ್ನು ಕಲಾವಿದರೆನ್ನದೆ ಮತ್ತೇನೆನ್ನಬೇಕು?

ನಮ್ಮ ಕವಂದಿಯಲ್ಲಿ ತಾಯಿಯವರ ಇಳಕಲ್ಲ ಸೀರೆಯ ಕೆಂಪು ಸೆರಗಿದೆ. ಅವರು ಬಾವಿಗೆ ಹೋಗುವಾಗ ಉಡುತ್ತಿದ್ದ ಹಸಿರು ಸೀರೆಯಿದೆ. ನನ್ನದೊಂದು ಪಟ್ಟೆಪಟ್ಟೆಯ ಅಂಗಿಯೂ ಇದೆ, ಅದನ್ನು ಯಾರು ಕೊಟ್ಟರೋ ತಿಳಿಯದು. ತಾಯಿಯವರು 2003ರಲ್ಲಿ ತೀರಿಕೊಂಡರು. ಅವರ ಭಾವಚಿತ್ರ ಗೋಡೆಯ ಮೇಲಿದೆ. ಆದರೆ ಬೆರಳಾಡಿಸಿದರೆ ಸಿಗುವ ತಾಯಿ ಈ ಕವಂದಿಯಲ್ಲಿದ್ದಾಳೆ. ಕವಂದಿಯ ಮೇಲೆ ಸಹಿ ಇರುವದಿಲ್ಲ. ಹೊಲಿಗೆಯ ಅಂತರ, ತುಂಡುಗಳ ಏರು, ಬಣ್ಣಗಳ ಜೊತೆ, ಇವುಗಳಿಂದಲೇ ಇದು ಇಂಥವಳ ಕೈಯೆಂದು ಬಲ್ಲವರು ಗುರುತಿಸುತ್ತಾರೆ. ಅಕ್ಷರ ಕಲಿತ ನಮಗೆ ಮಾತ್ರ ಆ ಸಹಿ ಓದಲು ಬರುವದಿಲ್ಲ.

2004ರಲ್ಲಿ, ಹಿಮಿದ್ ಆ ನೂರು ಮೂರ್ತಿಗಳನ್ನು ನಿಲ್ಲಿಸಿದ ವರ್ಷವೇ, ಹೆನ್ರಿ ಡ್ರೂವಲ್ ಎಂಬ ಅಮೇರಿಕದ ಕಲಾ ಇತಿಹಾಸಜ್ಞರು ನಮ್ಮ ಸೀಮೆಗೆ ಬಂದು ಸಿದ್ದಿಗಳ ಊರುಗಳಲ್ಲಿ ಕವಂದಿಗಳನ್ನು ಕಂಡರು. ಅವರ ನೆರವಿನಿಂದ ಸಿದ್ದಿ ಸ್ತ್ರೀಯರ ಕವಂದಿ ಸಹಕಾರ ಸಂಘವು ಹುಟ್ಟಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಫ್ರಿಕಾ ವಲಸಿಗರ ವಸ್ತುಸಂಗ್ರಹಾಲಯದಲ್ಲಿ ಹಳಿಯಾಳ, ಮುಂಡಗೋಡಗಳ ಕವಂದಿಗಳು ಗೋಡೆಯ ಮೇಲೆ ಚಿತ್ರಗಳಂತೆ ತೂಗಿದವು. ಧಾರವಾಡದಿಂದ ಹಳಿಯಾಳಕ್ಕೆ ಒಂದು ತಾಸಿನ ಹಾದಿ. ಆ ಹಾದಿಯನ್ನು ನಡೆಯಲು ಸಮುದ್ರದಾಚೆಯ ಕಣ್ಣು ಬೇಕಾಯಿತೆಂಬುದು ನಮಗೆ ಹೇಳಿಕೊಳ್ಳುವಂಥ ಮಾತಲ್ಲ.

ಇದರಲ್ಲಿ ಒಂದು ಅಪಾಯವನ್ನೂ ಕಾಣುತ್ತೇನೆ. ಹೊಲಿದವರು ಆಫ್ರಿಕಾ ಮೂಲದವರೆಂದೊಡನೆ ಪ್ರತಿಯೊಂದು ತುಂಡಿನಲ್ಲಿ ಆಫ್ರಿಕಾವನ್ನೇ ಹುಡುಕುವ ಚಟ ಕೆಲವರಿಗಿದೆ. ಅರಿವೆ ನಮ್ಮ ಸಂತೆಯದು, ಚಳಿ ನಮ್ಮ ಘಟ್ಟದ್ದು, ಮಲಗುವ ಕೂಸು ಕನ್ನಡ ಶಾಲೆಗೆ ಬರುವದು. ಆ ಕೈಗೆ ತಾಯಿಯಿಂದ, ಅಜ್ಜಿಯಿಂದ ಬಂದ ರೀತಿಯೊಂದಿದೆ. ಅದಕ್ಕಿಂತ ದೂರದ ವಂಶಾವಳಿಯನ್ನು ಅದರ ಮೇಲೆ ಹೊರಿಸದೆಯೂ ಅದು ಚೆಂದವಾಗಿದೆ. ಇಂಗ್ಲಂಡದ ಆ ಕಲಾವಿದರಿಗೂ ಇದೇ ಗೋಳು ಇತ್ತೆಂದು ಕಾಣುತ್ತದೆ. ಏನು ಬರೆದರೂ ನೋಡುವವರಿಗೆ ಬರೆದವರ ಬಣ್ಣವೇ ಮೊದಲು ಕಾಣುತ್ತಿತ್ತು.

ಸಿದ್ದಿಗಳ ಕಲೆ ಕವಂದಿಯೊಂದೇ ಅಲ್ಲ. ಅವರ ಡಮಾಮಿಯ ಬಡಿತವನ್ನು ಒಮ್ಮೆ ಕೇಳಿದವರು ಮರೆಯಲಾರರು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಸಿದ್ದಿಗಳನ್ನು ಕೂಡಿಸಿ, ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯ ನಾಟಕರೂಪವನ್ನು ಕನ್ನಡದಲ್ಲಿ ಆಡಿಸಿದರು. ಮುಂದೆ ಆ ಜನಾಂಗದಿಂದ ರಂಗಭೂಮಿಗೆ ಗಿರಿಜಾ ಸಿದ್ದಿ, ಚಲಚ್ಚಿತ್ರಕ್ಕೆ ಪ್ರಶಾಂತ ಸಿದ್ದಿ ಮುಂತಾದವರು ಬಂದು ಹೆಸರು ಪಡೆದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿನ ಸದಸ್ಯರಾದರು. ಸರಕಾರದ ದಫ್ತರದಲ್ಲಿ ಹೆಸರು ಹತ್ತುವದು ಮಾತ್ರ ಇನ್ನೂ ನಿಧಾನದ ಕೆಲಸ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದುದು 2003ರಲ್ಲಿ. ಅದೇ ಕಾಡಿನ ಈಚೆ ಮಗ್ಗುಲಲ್ಲಿರುವ ಧಾರವಾಡ, ಬೆಳಗಾವಿ ಜಿಲ್ಲೆಗಳವರನ್ನು ಸೇರಿಸಿದುದು 2020ರಲ್ಲಿ. ನಡುವಿನ ಹದಿನೇಳು ವರ್ಷ ನನ್ನ ಶಾಲೆಯಲ್ಲಿ ಓದಿದ ಸಿದ್ದಿ ಹುಡುಗರಿಗೆ, ಜಿಲ್ಲೆಯ ಗಡಿ ದಾಟಿ ಇದ್ದ ಅವರ ಸೋದರತ್ತೆಯ ಮಕ್ಕಳಿಗೆ ಸಿಕ್ಕ ಸೌಲಭ್ಯ ಸಿಗಲಿಲ್ಲ. ಅವರಲ್ಲಿ ಇಬ್ಬರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟರು. ಅವರ ಹೆಸರಾದರೂ ನನಗೆ ನೆನಪಿವೆ, ಮಹಾಪ್ರಾಣ ಹಚ್ಚಿಯೇ ಬರೆದಿದ್ದರೂ.

ಕವಂದಿ ಕೊಳ್ಳಬೇಕೆನ್ನುವ ಗೃಹಸ್ಥರು ಹೊಲಿದವರಿಂದಲೇ ನೇರವಾಗಿ ಕೊಳ್ಳುವದು ಒಳ್ಳೆಯದು. ಹಳೆಯ ಹತ್ತಿಯ ಸೀರೆಗಳನ್ನು ಕೊಟ್ಟರೆ ಉತ್ತಮ. ನೈಲಾನಿನವು ಸೂಜಿಗೆ ಜಾರುತ್ತವೆಂದು ನಮ್ಮ ಮನೆಯವರ ಅಭಿಪ್ರಾಯ. ಬೆಲೆಯನ್ನು ಅರಿವೆಯ ಮೇಲಲ್ಲ, ದಿನಗಳ ಮೇಲೆ ಲೆಕ್ಕ ಹಾಕಬೇಕು. ಮೂರು ತಿಂಗಳ ಕೈಕೆಲಸಕ್ಕೆ ನಾನು ಕೊಟ್ಟ 150 ರೂಪಾಯಿ ಮತ್ತು ಹತ್ತು ಸೇರು ಜೋಳವು ಅಂದು ನನಗೆ ಉದಾರವಾಗಿಯೇ ತೋರಿತ್ತು.

ನಮ್ಮ ಕವಂದಿಯ ಒಂದು ಮೂಲೆಯ ಹೂವು ಈ ವರ್ಷ ಬಿಚ್ಚಿಕೊಂಡಿದೆ. ದರ್ಜಿಯ ಕಡೆ ಕೊಡೋಣವೆಂದರೆ ಮನೆಯವರು ಒಪ್ಪಲಿಲ್ಲ. ಕಲಘಟಗಿಯಿಂದ ಬರುವ ಕಾಯಿಪಲ್ಲೆಯವಳ ಕೂಡ ಹೇಳಿಕಳಿಸಿದ್ದಾರೆ. ಸುಗ್ಗಿ ಮುಗಿದ ಮೇಲೆ ಬರುತ್ತೇನೆಂದು ಆಕೆಯಿಂದ ಉತ್ತರ ಬಂದಿದೆ. ಕಣ್ಣು ಮಂದವಾಗಿದೆಯಂತೆ, ಸೂಜಿ ಪೋಣಿಸಲು ಮೊಮ್ಮಗಳನ್ನು ಕರೆತರುವಳಂತೆ. ಬಿಚ್ಚಿದ ಹೂವನ್ನು ಮನೆಯವರು ಕುಂಕುಮದ ಭರಣಿಯ ಪಕ್ಕದಲ್ಲಿ ಒಂದು ಚೀಟಿಯಲ್ಲಿ ಕಟ್ಟಿಟ್ಟು, ಚೀಟಿಯ ಮೇಲೆ ಆಕೆಯ ಹೆಸರು ಬರೆದಿದ್ದಾರೆ.